ಕೀಲಿಯ ತೂತಿಲ್ಲದ ಚಿಲಕ

ನಾನು ಒಂದು ಚಿಲಕ. ಮುರಿದ ಚಕ್ಕಡಿಯ ಗಾಲಿಗೆ ಸುತ್ತಿದ್ದ ಕಬ್ಬಿಣದ ಹಳಿಯಿಂದ ನನ್ನನ್ನು ಬಡಿದವನು ಕಂಬಾರ ಮೌನೇಶಪ್ಪ. ಗದಗದ ಕಡೆಯ ಒಂದು ಸಣ್ಣ ಊರಿನ ಶಾಲೆಗೆಂದು ಹೆಡ್‌ಮಾಸ್ತರ ಬೇವಿನಮರದವರು ಹೇಳಿ ಮಾಡಿಸಿದ್ದರು. ನಲವತ್ತೈದು ವರ್ಷದ ಹಿಂದಿನ ಮಾತು.

"ಕೀಲಿ ಹಾಕಾಕ ತೂತು ಬೇಕೇನ್ರಿ ಗುರುಗಳ?" ಎಂದು ಮೌನೇಶಪ್ಪ ಕೇಳಿದ.

"ಬ್ಯಾಡ. ಕಳ್ಳರು ಒಯ್ಯುವಂಥಾದ್ದು ಏನೂ ಇಲ್ಲ ಅಲ್ಲೆ. ಒಳಗಿದ್ದವ್ರು ಹೊರಗ ಬರಬಾರದು, ಅಷ್ಟ."

ಮೌನೇಶಪ್ಪ ಸುತ್ತಿಗೆ ನಿಲ್ಲಿಸಿ ಅವರ ಮುಖ ನೋಡಿದ. "ಹಂಗಾದ್ರ ದನದ ಕೊಟ್ಟಿಗಿಗೇನ್ರಿ?" ಎಂದ. ಕಾದ ಕಬ್ಬಿಣ ಬಡಿದವನ ಮಾತು ಕೇಳುತ್ತದೆ, ನಾನೂ ಕೇಳಿದೆ.

ನನ್ನನ್ನು ಜಡಿದದ್ದು ಶಾಲೆಯ ಹಿಂದಿನ ಕೋಣೆಯ ಬಾಗಿಲಿಗೆ, ಹೊರಮೈಗೆ. ಒಳಗೆ ಮುರಿದ ಬೆಂಚು, ಹರಿದ ನಕಾಶೆ, ಕಿಟಕಿ ಎನ್ನಲು ನಾಚಬೇಕಾದ ಒಂದು ಕಿಂಡಿ. ಆ ಶಾಲೆಗೆ ಒಂದು ಪದ್ಧತಿಯಿತ್ತು. ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ, ಮಗ್ಗಿ ಕೇಳಿದರೆ ಬಾಯಿ ಬಿಡಲಾರದ ಮಕ್ಕಳನ್ನು ಆ ಕೋಣೆಗೆ ಹಾಕುವುದು. ಸಂಜೆ ಉದ್ದನೆಯ ಗಂಟೆ ಬಾರಿಸಿದ ಮೇಲೆ ಸಿಪಾಯಿ ದುಂಡಪ್ಪ ಬಂದು ನನ್ನನ್ನು ಸರಿಸುವುದು. ಸಾಹೇಬರು ಶಾಲೆಯನ್ನು ಹೊಗಳಿ ಹೋಗುತ್ತಿದ್ದರು. ಹುಳುಕನ್ನು ಮುಚ್ಚಿಟ್ಟ ಪಾಲು ನನ್ನದು, ಹೊಗಳಿಕೆಯಲ್ಲಿ ಮಾತ್ರ ನನಗೆ ಪಾಲಿರಲಿಲ್ಲ.

ಕೋಣೆಗೆ ಹೋಗುತ್ತಿದ್ದವರು ಇಬ್ಬರು. ಎಂಟು ವರ್ಷದ ಹೊನ್ನವ್ವನಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಅವಳಿಗಿಂತ ಚಿಕ್ಕವನು ಬಾಳೇಶ. ಅವನಿಗೆ ಮೂರ್ಛೆ ಬರುತ್ತಿತ್ತು. ಹೊನ್ನವ್ವ ಬಾಗಿಲಿಗೆ ಅಂಗೈ ಹಚ್ಚಿ ಕೂತಿರುತ್ತಿದ್ದಳು. ನಾನು ಸರಿಯುವಾಗ ಹಲಗೆ ಸಣ್ಣಗೆ ನಡುಗುತ್ತದಲ್ಲ, ಅದೇ ಅವಳ ಗಂಟೆ.

ಅಂಥದೊಂದು ದಿನ ಮಧ್ಯಾಹ್ನ, ಯಾರೋ ದೊಡ್ಡವರು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂತು. ಸಾಹೇಬರು ಅರ್ಧಕ್ಕೇ ಎದ್ದು ಹೋದರು. ಮಕ್ಕಳನ್ನು ಎರಡು ನಿಮಿಷ ತಲೆ ತಗ್ಗಿಸಿ ನಿಲ್ಲಿಸಿ ಮನೆಗೆ ಕಳಿಸಿದರು. ಶೋಕದ ದಿನ ಗಂಟೆ ಬಾರಿಸಬಾರದೆಂದು ಹೆಡ್‌ಮಾಸ್ತರ ಅಪ್ಪಣೆಯಾಯಿತು. ದುಂಡಪ್ಪ ಬಾರಿಸಲಿಲ್ಲ. ಗಂಟೆ ಬಾರಿಸದಿದ್ದರಿಂದ ನನ್ನ ನೆನಪೂ ಅವನಿಗೆ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗೆ ಏನೋ ಬಿದ್ದ ಸಪ್ಪಳವಾಯಿತು. ಆಮೇಲೆ ಎರಡು ಅಂಗೈಗಳು ಬಾಗಿಲು ಬಡಿಯತೊಡಗಿದವು. ಬಡಿದವು, ಬಡಿದವು. ನಾನು ಗೂಡಿನಲ್ಲಿ ಗದಗುಟ್ಟಿದೆ, ಆದರೆ ಸರಿಯಲು ನನಗೆ ಹೊರಗಿನ ಕೈ ಬೇಕು. ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೊತ್ತು ಮುಳುಗುವಾಗ ಹೊನ್ನವ್ವನ ತಾಯಿ ಮಗಳನ್ನು ಹುಡುಕುತ್ತ ಬಂದು ನನ್ನನ್ನು ಎಳೆದಳು. ಬಾಳೇಶನ ತಲೆ ಹೊನ್ನವ್ವನ ತೊಡೆಯ ಮೇಲಿತ್ತು. ಮೈ ಆಗಲೇ ತಣ್ಣಗಾಗಿತ್ತು.

"ಮೂರ್ಛೆರೋಗದ ಹುಡುಗ. ಮನ್ಯಾಗಿದ್ರೂ ಹೋಗ್ತಿದ್ದ" ಎಂದರು ಹೆಡ್‌ಮಾಸ್ತರು. ಊರು ಹೌದೆಂದಿತು. ಹೊನ್ನವ್ವ ಎರಡೂ ಅಂಗೈ ಎತ್ತಿ ಗಾಳಿಯನ್ನು ಬಡಿದು ಬಡಿದು ತೋರಿಸಿದಳು. ಯಾರಿಗೂ ತಿಳಿಯಲಿಲ್ಲ, ಅಥವಾ ತಿಳಿದೂ ಸುಮ್ಮನಿದ್ದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ಇಲ್ಲಿ ಅದೂ ತಿರುಗುಮುರುಗು. ಜೀವ ಹೋದ ಮೇಲೂ ಬಾಗಿಲಿನಿಂದ ನನ್ನನ್ನು ಯಾರೂ ಕೀಳಲಿಲ್ಲ. ಹೊನ್ನವ್ವನನ್ನು ಮಾತ್ರ ಶಾಲೆ ಬಿಡಿಸಿದರು.

ವರ್ಷಗಳು ಕಳೆದವು. ಕಾನೂನು ಬಂತು. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಗೋಡೆಯ ಮೇಲೆ ಬರೆಸಿದರು. ನನ್ನ ಕೋಣೆಗೆ ವಿಶೇಷ ಮಕ್ಕಳ ಸಂಪನ್ಮೂಲ ಕೊಠಡಿ ಎಂಬ ಹೆಸರು ಬಂತು, ಗೋಡೆಗೆ ಬಣ್ಣದ ಚಿಟ್ಟೆಗಳು ಬಂದವು. ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಿದರು. ಅದು ನೇರ ನನ್ನ ಬಾಗಿಲಿಗೇ ಬಂದು ನಿಂತಿತು, ಬೇರೆ ಯಾವ ತರಗತಿಗೂ ಹೋಗಲಿಲ್ಲ. ಬಾಗಿಲಿನ ಜೊತೆ ನನಗೂ ಹಳದಿ ಬಣ್ಣ ಹಚ್ಚಿದರು. ಆಗ ನನಗೆ ಭಯವಾಯಿತು. ಬಣ್ಣ ಹಚ್ಚುವುದು ಉಳಿಸಿಕೊಳ್ಳುವ ವಸ್ತುವಿಗೆ.

ಅದೇ ಶಾಲೆಗೆ ಹೊನ್ನವ್ವ ಬಿಸಿಯೂಟದ ಅಡುಗೆಯವಳಾಗಿ ಬಂದಳು. ತಲೆ ಅರ್ಧ ನೆರೆತಿತ್ತು. ದಿನಕ್ಕೊಮ್ಮೆ ನನ್ನ ಬಾಗಿಲ ಮುಂದೆ ನಿಂತು, ಹಲಗೆಗೆ ಅಂಗೈ ಹಚ್ಚಿ ನೋಡಿ ಹೋಗುತ್ತಿದ್ದಳು. ಹುಚ್ಚು ಹೆಂಗಸು ಎಂದು ಮಕ್ಕಳು ನಗುತ್ತಿದ್ದರು.

ಕಳೆದ ವರ್ಷ ಶಾಲೆಗೆ ಪ್ರಶಸ್ತಿ ಕೊಡುವ ಮೊದಲು ನೋಡಿಹೋಗಲು ಅಧಿಕಾರಿಗಳು ಬಂದರು. ಎರಡನೇ ತರಗತಿಯ ತನುಜಾ ಗದ್ದಲವಾದರೆ ಕಿವಿ ಮುಚ್ಚಿಕೊಂಡು ಕಿರುಚುವ ಹುಡುಗಿ. ಹೆಡ್‌ಮಿಸ್ ಶೈಲಜಾ ಮೇಡಮ್ ಕೆಟ್ಟವರಲ್ಲ. ಅವಳ ಕೈಗೆ ಬಿಸ್ಕತ್ತು ಕೊಟ್ಟು ಒಳಗೆ ಕೂರಿಸಿದರು.

"ಅರ್ಧ ತಾಸು ಅಷ್ಟ. ಆಕಿಗೂ ಸಮಾಧಾನ" ಎಂದು ಮೆಲ್ಲಗೆ ನನ್ನನ್ನು ಸರಿಸಿದರು. ದುಂಡಪ್ಪ ಧಡಕ್ಕನೆ ಹಾಕುತ್ತಿದ್ದ. ಗೂಡಿಗೆ ಹೋಗಿ ಕೂತ ಮೇಲೆ ಎರಡೂ ಒಂದೇ.

ಅರ್ಧ ತಾಸು ಕಳೆಯಿತು, ಅಧಿಕಾರಿಗಳು ಫೋಟೋಕ್ಕೆ ನಿಂತರು, ಮತ್ತೂ ಅರ್ಧ ತಾಸು ಹೋಯಿತು. ಒಳಗಿಂದ ಎರಡು ಸಣ್ಣ ಅಂಗೈಗಳು ಬಡಿಯತೊಡಗಿದವು. ಅನ್ನದ ಬುಟ್ಟಿ ಹೊತ್ತು ಬಂದ ಹೊನ್ನವ್ವ ಎಂದಿನಂತೆ ಹಲಗೆಗೆ ಕೈ ಹಚ್ಚಿದಳು. ಬುಟ್ಟಿ ಕೆಳಗೆ ಬಿತ್ತು. ನನ್ನನ್ನು ಎಳೆದು, ತನುಜಾಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ, ಅಲ್ಲಿಂದ ಗುಂಡುಕಲ್ಲು ತಂದು ನನ್ನನ್ನು ಜಜ್ಜತೊಡಗಿದಳು.

"ಹೊನ್ನವ್ವ, ಸಾಹೇಬ್ರು ನೋಡಾಕತ್ತಾರ, ಸಾಕು" ಎಂದರು ಮೇಡಮ್. ಅವಳಿಗೆ ಕೇಳಿಸಲಿಲ್ಲ. ಕಿವುಡು ಅವಳಿಗೆ ಉಪಕಾರ ಮಾಡಿದ್ದು ಅದೊಂದೇ ಸಲ. ನಾಲ್ಕೂ ಮೊಳೆ ಕಿತ್ತು ನಾನು ಕೆಳಗೆ ಬಿದ್ದೆ. ಹೊಡೆತ ತಿಂದು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಈಗ ನಾನು ಮೆಹಬೂಬ್‌ಸಾಬನ ಗುಜರಿಯ ಮೂಲೆಯಲ್ಲಿದ್ದೇನೆ. ಬಾಳೇಶ ಬಡಿಯುವ ಮೊದಲೇ ಬಿದ್ದ, ಹೊನ್ನವ್ವ ಬಡಿದಳು, ತನುಜಾ ಬಡಿದಳು. ಮೂವರ ನೆನಪೂ ನನ್ನ ಮೈಯಲ್ಲಿದೆ. ಇನ್ನು ತುಕ್ಕು ಹಿಡಿದು ಮಣ್ಣಾಗುವುದೊಂದೇ ನನ್ನ ಆಸೆಯಾಗಿತ್ತು.

ಇಂದು ಬೆಳಿಗ್ಗೆ ಪಕ್ಕದೂರಿನ ಬಡಿಗನೊಬ್ಬ ರಾಶಿ ಕೆದಕುತ್ತ ನನ್ನನ್ನು ಎತ್ತಿಕೊಂಡ.

"ಎಲ್ಲಿಗೆ ಬೇಕಾಗಿತ್ತು?" ಎಂದು ಕೇಳಿದ ಮೆಹಬೂಬ್‌ಸಾಬ.

"ಸಾಲಿಗೆ."

"ಅದಕ್ಕ ಕೀಲಿ ಹಾಕಾಕ ತೂತಿಲ್ಲ ನೋಡು."

"ಇರಲಿ ಬಿಡು. ಕೀಲಿ ಬ್ಯಾಡಂತ ಮಾಸ್ತರು ಹೇಳ್ಯಾರ."

ಬಡಿಗ ನನ್ನನ್ನು ಒಮ್ಮೆ ಎಳೆದು ನೋಡಿದ. ಗುಂಡುಕಲ್ಲಿನ ಏಟಿಗೆ ನಾನು ಕೆಟ್ಟಿರಲಿ, ಸಿಕ್ಕಿಕೊಳ್ಳಲಿ ಎಂದು ಮೈ ಬಿಗಿಹಿಡಿದೆ. ಸರಾಗವಾಗಿ ಸರಿದೆ.