ಒಂದು ಔನ್ಸಿನಿಂದ ಹದಿಮೂರು

ಕೂತರೆ ಕೂರಲಾರ, ನಿಂತರೆ ನಿಲ್ಲಲಾರ. ಪಿರಿಯಾಪಟ್ಟಣದ ಕಚೇರಿ ಜಗಲಿಯಲ್ಲಿ ಆರೋಗ್ಯ ಇನ್‌ಸ್ಪೆಕ್ಟರ್ ಅಬ್ದುಲ್ ಸತ್ತಾರನಿಗೆ ಬೆಳಗಿನಿಂದ ಟೋಪಿ ತೆಗೆಯುವುದು, ಹಾಕುವುದು, ಇದೇ ಕೆಲಸ. ಸುಮ್ಮನೆಯೇ? ಹಾರನಹಳ್ಳಿ ಸುತ್ತಿನ ಎಂಬತ್ತು ಬಸುರಿಯರಿಂದ ಹೋದ ವರ್ಷ ಚೀಟಿ ಎತ್ತಿಸಿದ್ದ. ನಲವತ್ತು ಮಂದಿಗೆ ದಿನಾ ಮೀನೆಣ್ಣೆ, ಮಿಕ್ಕ ನಲವತ್ತು ಮಂದಿಗೆ ಏನೂ ಇಲ್ಲ. ಅವನ ಸ್ವಂತ ತಂಗಿ ದಿಲ್ಶಾದ್ ಬೇಗಂ ಕೈಗೆ ಖಾಲಿ ಚೀಟಿ ಬಂತು. ಕೂಸು ಬಡಕಲಾಗಿ ಹುಟ್ಟಿ ಒಂಬತ್ತನೇ ದಿನ ತೀರಿಕೊಂಡಿತು. ಈಗ ಮತ್ತೆ ಅವಳಿಗೆ ನಾಲ್ಕು ತಿಂಗಳು. ಇವತ್ತು ಸಾಹೇಬರ ಸಹಿ ಬಿದ್ದರೆ ಎಲ್ಲ ಬಸುರಿಯರಿಗೂ ಎಣ್ಣೆ, ಬೀಳದಿದ್ದರೆ ಬಾಟಲಿಗಳೆಲ್ಲ ಮೈಸೂರಿಗೆ ವಾಪಸು.

ಸಾಹೇಬ ನೀಲಕಂಠಸ್ವಾಮಿ ಸರಪಳಿ ಹಿಡಿದು ಜಮೀನು ಅಳೆಯುತ್ತಾ ಮೇಲೆ ಬಂದವರು. ಸತ್ತಾರನನ್ನು ಒಳಗೆ ಕರೆದು ಅವನ ವರದಿ ಓದಿದರು. ಎಣ್ಣೆ ಕುಡಿದವರ ಕೂಸುಗಳ ಸರಾಸರಿ ತೂಕ ತೊಂಬತ್ಮೂರು ಔನ್ಸು. ಅಳತೆಯ ಏರುಪೇರು ಲೆಕ್ಕ ಹಾಕಿದರೆ ಎಂಬತ್ತೊಂಬತ್ತರಿಂದ ತೊಂಬತ್ತೇಳರೊಳಗೆ ಎಲ್ಲೋ. ಕುಡಿಯದವರದು ಎಂಬತ್ತಾರು, ಎಂಬತ್ತೆರಡರಿಂದ ತೊಂಬತ್ತರೊಳಗೆ. ಸಾಹೇಬರು ಎರಡು ಗೆರೆ ಎಳೆದು ಪೆನ್ಸಿಲ್ ಕುಟ್ಟಿದರು.

"ನೋಡ್ರೀ, ಒಂದರ ಬದು ಇನ್ನೊಂದರೊಳಗೆ ನುಗ್ಗಿದೆ. ಹಾಗಾದಮೇಲೆ ಎರಡೂ ಒಂದೇ. ಕೇಸು ವಜಾ!"

ಅಯ್ಯೋ ಪುಣ್ಯಾತ್ಮ! ಹೊಲದ ಲೆಕ್ಕ ಬಸಿರಿಗೆ ಹಾಕಿದರೆ ಆದೀತೇ? ಸತ್ತಾರ್ ಮುಂದೆ ಬಾಗಿ ಆ ಗೆರೆಗಳ ಮೇಲೆ ಬೆರಳಿಟ್ಟ.

"ಇದು ಬದುವಲ್ಲ ಸ್ವಾಮಿ. ಒಂದು ಗುಂಪು ತನ್ನ ಕೆಳತುದಿಗೆ ಇಳಿಯೋದೇ ಅಪರೂಪ. ಅದೇ ಹೊತ್ತಿಗೆ ಇನ್ನೊಂದು ತನ್ನ ಮೇಲ್ತುದಿಗೆ ಏರೋದು ಇನ್ನೂ ಅಪರೂಪ. ಎರಡು ಗೆರೆ ಬೇಡ, ನಡುವಿನ ಅಂತರಕ್ಕೇ ಒಂದು ಗೆರೆ ಎಳೀರಿ. ಅಂತರ ಏಳು. ಅದರ ಆಚೀಚೆ ಏರುಪೇರು ನಾಲ್ಕೂ ನಾಲ್ಕೂ ಎಂಟಲ್ಲ, ಆರೇ. ಒಂದರಿಂದ ಹದಿಮೂರು ಔನ್ಸು. ಸೊನ್ನೆ ಅದರೊಳಗಿಲ್ಲ, ಅಂದರೆ ಎಣ್ಣೆಯಿಂದ ಏನೂ ಆಗಿಲ್ಲ ಅನ್ನೋ ಹಾಗಿಲ್ಲ."

"ಏಳೇ ಅಂತ ಆಣೆ ಮಾಡ್ತೀರಾ?"

ಹೂಂ ಅಂದುಬಿಟ್ಟರೆ ಮುಗೀತು, ಸಹಿ ಬಿದ್ದ ಹಾಗೇ. ಮಾತು ನಾಲಗೆ ತುದಿಗೆ ಬಂದಿತ್ತು. ಆದರೆ ಸುಳ್ಳು ಹೇಳಿ ಎಣ್ಣೆ ಕೊಡಿಸುವುದಾಗಿದ್ದರೆ ಹೋದ ವರ್ಷವೇ ತಂಗಿಗೆ ಕೊಡಿಸಬಹುದಿತ್ತಲ್ಲ?

"ಇಲ್ಲ ಸ್ವಾಮಿ. ಒಂದೇ ಔನ್ಸೂ ಇರಬಹುದು, ಹದಿಮೂರೂ ಇರಬಹುದು. ಹೀಗೆ ನೂರು ಸಲ ತೂಗಿ ಗೆರೆ ಎಳೆದರೆ ಐದು ಗೆರೆ ತಪ್ಪೋದೂ ಉಂಟು."

ಸಾಹೇಬರು ಅವನನ್ನು ದಿಟ್ಟಿಸಿದರು. "ಮೋಸ ಮಾಡೋನು ಇಷ್ಟು ಕಮ್ಮಿ ಹೇಳಲ್ಲ ಬಿಡಿ," ಎಂದು ಗೊಣಗಿ ಸಹಿ ಗೀಚಿದರು.

ಸತ್ತಾರ್ ಸೈಕಲ್ ತುಳಿದ ರಭಸಕ್ಕೆ ಹೊತ್ತು ಮುಳುಗುವ ಮೊದಲೇ ತಂಗಿಯ ಮನೆ ಸಿಕ್ಕಿತು. ದಿಲ್ಶಾದ್ ಅವನು ತಂದ ಬಾಟಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಒಳ್ಳೇದು ಅಂತ ಹೋದ ವರ್ಷ ಗೊತ್ತಿರಲಿಲ್ವಾ ಅಣ್ಣ?"

"ಇಲ್ಲ ಕಣಮ್ಮ."

"ಈಗ ಹೆಂಗೆ ಗೊತ್ತಾಯ್ತು?"

"ಕುಡಿದೋರ ಕೂಸು, ಕುಡೀದೋರ ಕೂಸು, ಎಲ್ಲಾ ತೂಗಿ ನೋಡಿದ್ವಿ."

"ಕುಡೀದೋರಲ್ಲಿ ನಂದೂ ಇತ್ತಾ?"

"ಇತ್ತು."

ದಿಲ್ಶಾದ್ ಮೂಗು ಹಿಡಿದು ಒಂದೇ ಗುಟುಕಿಗೆ ಎಣ್ಣೆ ನುಂಗಿದಳು.

"ತೂಕ ಬರಕೊಂಡಿದ್ದೀಯಲ್ಲ, ಅದಕ್ಕೊಂದು ಹೆಸರಿತ್ತು ಅಣ್ಣ. ಹಬೀಬ್ ಅಂತ. ಅದನ್ನೂ ಬರಕೋ."