ನಾನು ಕಟ್ಟಿದ ಗಂಟು

ಇಪ್ಪತ್ತೆಂಟು ವರ್ಷದಿಂದ ನಾನು ಈ ಶಾಲೆಯ ಲ್ಯಾಬ್ ಅಟೆಂಡರ್. ನಾನು ಕಟ್ಟಿದ ಗಂಟು ಇವತ್ತಿನವರೆಗೂ ತಾನಾಗಿ ಬಿಚ್ಚಿಕೊಂಡದ್ದಿಲ್ಲ. ಜಂಬ ಅಂತ ಬೇಕಾದರೂ ಅನ್ನಿ, ನನಗೆ ಬೇಜಾರಿಲ್ಲ.

ನನ್ನ ಸೊಸೆ ಇದೇ ಶಾಲೆಯಲ್ಲಿ ಒಂದು ವರ್ಷದಿಂದ ತಾತ್ಕಾಲಿಕ ವಿಜ್ಞಾನ ಟೀಚರ್. ಅವತ್ತು ಹೆಡ್‌ಮಿಸ್ಟ್ರೆಸ್ ಹಿಂದಿನ ಬೆಂಚಿನಲ್ಲಿ ಕೂತು ಅವಳ ಪಾಠ ನೋಡುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ ದಾರಿ. ಹಿಂದಿನ ದಿನವೇ ಅವಳು ಹೇಳಿದ್ದಳು: "ಮಾವ, ಒಂದು ಹಗ್ಗದ ತುದಿ ಕಿಟಕಿ ಸರಳಿಗೆ ಬಿಗಿಯಾಗಿ ಕಟ್ಟಿ. ಇನ್ನೊಂದು ಹಗ್ಗದ ತುದಿಗೆ ಉಂಗುರ ಹಾಕಿ, ನೆಟ್ಟಗೆ ನಿಲ್ಲಿಸಿರೋ ಆ ಕಂಬಿಗೆ ತೊಡಿಸಿ."

ತೊಡಿಸಿದೆ. ಉಂಗುರ ಲೊಡಲೊಡ ಅಂತ ಕಂಬಿಯ ಮೇಲೆ ಓಡಾಡುತ್ತಿತ್ತು. ಹೆಡ್‌ಮಿಸ್ಟ್ರೆಸ್ ಮುಂದೆ ಸೊಸೆಯ ಮಾನ ಹೋದೀತು ಅನಿಸಿತು. ಬೆಳಿಗ್ಗೆ ಬೇಗ ಬಂದು ಉಂಗುರವನ್ನು ದಾರದಿಂದ ಕಂಬಿಗೆ ಜಗ್ಗಿ ಬಿಗಿದೆ.

ಅಲೆಗಳ ಪಾಠ ಶುರುವಾಯಿತು. ಸೊಸೆ ಮೊದಲ ಹಗ್ಗವನ್ನು ಒಮ್ಮೆ ಮೇಲಕ್ಕೆ ಕುಲುಕಿದಳು. ಉಬ್ಬೊಂದು ಓಡಿ ಹೋಗಿ ಕಿಟಕಿ ಮುಟ್ಟಿ, ತಲೆಕೆಳಗಾಗಿ, ತಗ್ಗಾಗಿ ವಾಪಸ್ ಬಂತು.

"ತುದಿ ಅಲ್ಲಾಡೋ ಹಾಗಿಲ್ಲ, ಅದಕ್ಕೇ ಅಲೆ ಮಗುಚಿ ಬಂತು. ತುದಿ ಸಡಿಲ ಇದ್ರೆ ಹೋದ ಹಾಗೇ ಬರುತ್ತೆ, ನೋಡಿ," ಎಂದು ಎರಡನೆಯದನ್ನು ಕುಲುಕಿದಳು.

ಅದೂ ಮಗುಚಿಯೇ ಬಂತು. ಮಕ್ಕಳು ಕಿಸಕ್ಕನೆ ನಕ್ಕರು. ಹೆಡ್‌ಮಿಸ್ಟ್ರೆಸ್ ಕನ್ನಡಕ ಸರಿಮಾಡಿಕೊಂಡರು.

ಸೊಸೆ ಕಂಬಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು ಮಕ್ಕಳ ಕಡೆ ತಿರುಗಿ, "ಯಾಕೆ ಹೀಗಾಯ್ತು? ಹತ್ತಿರ ಹೋಗಿ ನೋಡಿ," ಎಂದಳು.

ಎರಡು ಜಡೆಯ ಹುಡುಗಿಯೊಬ್ಬಳು ಬಗ್ಗಿ ನೋಡಿ, "ಮಿಸ್, ಇದನ್ನೂ ಕಟ್ಟಿಬಿಟ್ಟಿದ್ದಾರೆ," ಎಂದಳು.

"ಮಾವ, ಸ್ವಲ್ಪ ಬಿಚ್ಚಿ."

ಬಿಚ್ಚುವುದಾ? ಉಗುರು ಹಾಕಿದೆ, ಹಲ್ಲು ಹಾಕಿದೆ. ನನ್ನ ಗಂಟು ನನ್ನ ಮಾತೇ ಕೇಳಲಿಲ್ಲ. ಕೊನೆಗೆ ಕತ್ತರಿ ತಂದು ದಾರವನ್ನು ಕತ್ತರಿಸಿದೆ. ಈ ಸಲ ಕುಲುಕಿದಾಗ ಉಂಗುರ ಚಂಗನೆ ಮೇಲಕ್ಕೆ ಜಿಗಿಯಿತು, ಉಬ್ಬು ಉಬ್ಬಾಗಿಯೇ ವಾಪಸ್ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಮೊದಲು ತಪ್ಪಾಗಿ ತೋರಿಸಿ, ಕಾರಣ ಮಕ್ಕಳ ಬಾಯಿಂದಲೇ ಹೇಳಿಸಿದ್ರಲ್ಲ, ಅದು ನಿಮ್ಮ ಯೋಚನೆನಾ?" ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು.

ಹೂಂ ಅನ್ನು ಮಾರಾಯ್ತಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ ಮೇಡಂ. ನನ್ನ ಮರ್ಯಾದೆ ಹೋಗಬಾರದು ಅಂತ ಮಾವ ಕಟ್ಟಿಬಿಟ್ಟಿದ್ರು. ನಾನು ಮೊದಲೇ ನೋಡ್ಕೋಬೇಕಿತ್ತು."

ಹೆಡ್‌ಮಿಸ್ಟ್ರೆಸ್ ನಕ್ಕುಬಿಟ್ಟರು. "ಹಾಗಾದ್ರೆ ಇನ್ನೂ ಒಳ್ಳೇದು. ನಾಳೆ ಬಂದು ಆರ್ಡರ್ ತಗೊಳ್ಳಿ."

ನನಗೆ ಕಣ್ಣು ತುಂಬಿ ಬಂತು. ಸಂಜೆ ಹೆಂಡತಿಗೆ ಎಲ್ಲ ವರದಿ ಒಪ್ಪಿಸಿದೆ, ಗಂಟಿನ ವಿಷಯ ಒಂದು ಬಿಟ್ಟು. ಅದನ್ನು ಸೊಸೆ ಹೇಳಿದಳು, ನಾನು ಹಲ್ಲು ಹಾಕಿದ್ದನ್ನೂ ಬಿಡದೆ.