ಕೂತು ಕೇಳಿದವರು

ಬುಗುರಿ ಬಗ್ಗಿ ಹೊದಿಕೆಯ ಮೂಲೆಯನ್ನು ಮೂರನೇ ಸಲ ಮಡಿಸುತ್ತಿದ್ದಳು. ಬಟ್ಟೆಯನ್ನು ಎತ್ತಿ, ಓರೆಯಾಗಿ ಹಿಡಿದು, ಹಾಸಿಗೆಯ ಕೆಳಕ್ಕೆ ಸೇರಿಸಿ ಅಂಗೈಯಿಂದ ಒತ್ತುವುದು ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಹತ್ತಾರು ಸಲ ಮಾಡಿದ ಕೆಲಸ. ಇವತ್ತು ಮಾತ್ರ ಮೂಲೆ ಕೂರುತ್ತಲೇ ಇರಲಿಲ್ಲ.

"ಸಾಕು ಬಿಡು ತಾಯಿ, ಚೆನ್ನಾಗೇ ಇದೆ. ಅವ್ರೇನು ಎದ್ದು ಬಂದು ಬಿಚ್ಚಿ ಮತ್ತೆ ಹಾಕು ಅಂತಾರಾ?" ಎಂದಳು ಪಕ್ಕದಲ್ಲಿ ನಿಂತಿದ್ದ ವಾರ್ಡಿನ ಮುದುಕಿ ಆಯಾ. ತಮಾಷೆಗೆಂದು ಹೇಳಹೊರಟವಳು ಮಾತು ಮುಗಿಯುವಷ್ಟರಲ್ಲಿ ಮುಖ ಆಚೆ ತಿರುಗಿಸಿಕೊಂಡಳು.

ಹೊದಿಕೆಯ ಕೆಳಗೆ ಮಲಗಿದ್ದವರು ಮುಕ್ಕಾಲಿ ಮೇಡಂ. ನರ್ಸಿಂಗ್ ಶಾಲೆಯಲ್ಲಿ ಮೂವತ್ತು ವರ್ಷ ಆರೈಕೆಯ ಸಿದ್ಧಾಂತದ ಪಾಠ ಹೇಳಿದವರು. ಹೆತ್ತವರು ಇಟ್ಟ ಹೆಸರು ಅವರಿಗೂ ಇತ್ತು, ಆದರೆ ಅದು ಸಂಬಳದ ಚೀಟಿಯಿಂದಾಚೆ ಯಾರ ಬಾಯಲ್ಲೂ ಬಂದದ್ದಿಲ್ಲ. ಈಗ ಅದೇ ಶಾಲೆಯ ದೊಡ್ಡ ತರಗತಿಯಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ಕಪ್ಪು ಹಲಗೆಯ ಮುಂದೆ ಅವರನ್ನು ಮಲಗಿಸಿದ್ದರು. ಹನ್ನೊಂದೂವರೆಗೆ ಚಿತಾಗಾರದ ವಾಹನ ಹೊರಡಬೇಕಿತ್ತು.

ಬಂದವರೆಲ್ಲ ಬಾಗಿಲಲ್ಲೇ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಕಾಲು ಮುರಿದವರು ಯಾರಾದರೂ ಸಾಯುತ್ತಾರಾ? ಮೆಟ್ಟಿಲು ತಪ್ಪಿ ಪಾದದ ಗಂಟು ಮುರಿದುಕೊಂಡು ಆಸ್ಪತ್ರೆಗೆ ಸೇರಿದ್ದರು, ಅಷ್ಟೇ. ಎರಡನೇ ದಿನ ಪ್ಲಾಸ್ಟರಿನ ಮೇಲೆ ವಿದ್ಯಾರ್ಥಿನಿಯರಿಂದ ಸಹಿ ಹಾಕಿಸಿಕೊಂಡು, ಕಾಗುಣಿತ ತಪ್ಪಿದವಳಿಗೆ ತಿದ್ದಿ ಬರೆಸಿದ್ದರು. ಮೂರನೇ ದಿನ ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಊಟದ ಗಾಡಿಯವಳು ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಹೊರಟು ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿತು, ಅಪರೂಪಕ್ಕೆ ಹೀಗಾಗುತ್ತದೆ ಎಂದು ವೈದ್ಯರು ವಿವರಿಸಿದರು. ಯಾರ ತಲೆಗೂ ಹೋಗಲಿಲ್ಲ. ಎಲ್ಲರೂ ಕೆನ್ನೆಗೆ ಏಟು ತಿಂದವರ ಹಾಗೆ ನಿಂತಿದ್ದರು.

ಇದ್ದುದರಲ್ಲಿ ಒಂದೇ ಸಮಾಧಾನ, ನಿದ್ದೆಯಲ್ಲೇ ಹೋದರಂತೆ. ವಾರ್ಡಿನ ದಾಖಲೆಯಲ್ಲಿ ಹಾಗೇ ಇತ್ತು: ಹತ್ತೂ ಮುಕ್ಕಾಲು, ನಿದ್ದೆ, ತೊಂದರೆ ಇಲ್ಲ. ಆ ಸಾಲು ಬಾಯಿಂದ ಬಾಯಿಗೆ ಹೋಗಿ ಇಡೀ ತರಗತಿಗೆ ಆಸರೆಯಾಗಿತ್ತು. ಅದನ್ನು ದಾಖಲಿಸಿದವಳು ಮೂಳೆ ವಾರ್ಡಿನ ಹಿರಿಯ ನರ್ಸ್, ಮೇಡಂ ಅವರ ಅಚ್ಚುಮೆಚ್ಚಿನ ಶಿಷ್ಯೆ ಬುಗುರಿ. ಎರಡು ದಿನದಿಂದ ಅವಳ ಹೊಟ್ಟೆಗೆ ಒಂದು ತುತ್ತೂ ಇಳಿದಿರಲಿಲ್ಲ.

*

ಇಪ್ಪತ್ತಾರು ವರ್ಷದ ಹಿಂದೆ ಸಿದ್ಧಾಂತದ ಪಾಠ ಮಧ್ಯಾಹ್ನದ ಊಟದ ಮೇಲಿನ ಪೀರಿಯಡ್ಡು. ಅದನ್ನು ಅಲ್ಲಿಗೆ ತಂದಿಟ್ಟ ಪುಣ್ಯಾತ್ಮರು ಯಾರೋ, ಹುಡುಗಿಯರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತದ್ದು ಅಲ್ಲಿಯೇ. ಮೇಡಂ ಮಾತ್ರ ಎದುರಿಗೆ ಸಾವಿರ ಜನ ಇದ್ದಾರೇನೋ ಎಂಬಂತೆ ಹೇಳುತ್ತಿದ್ದರು. ಹಿಂದೆ ಯುದ್ಧದ ಆಸ್ಪತ್ರೆಯೊಂದರಲ್ಲಿ ಒಬ್ಬ ಹೆಂಗಸು ಕಿಟಕಿ ತೆರೆಸಿದಳು, ಚರಂಡಿ ತೊಳೆಸಿದಳು, ಸತ್ತವರೆಷ್ಟು ಎಂದು ಎಣಿಸಿಟ್ಟಳು. ಆರೈಕೆಗೂ ಒಂದು ಯೋಚನೆ ಬೇಕು ಎಂಬುದು ಅಲ್ಲಿಂದ ಬೇರು ಬಿಟ್ಟಿತು. ಅವಳ ನಂತರ ಬಂದವರು ಒಬ್ಬರ ಮೇಲೊಬ್ಬರು ಕೇಳುತ್ತಾ ಹೋದರು. ನಾವು ನೋಡಿಕೊಳ್ಳುವುದು ಯಾರನ್ನು, ಎಲ್ಲಿ, ಯಾತಕ್ಕೆ, ವೈದ್ಯರು ಮಾಡದ ಯಾವ ಕೆಲಸ ನಮ್ಮದು? ಕೇಳಿ ಕೇಳಿ ಕೊನೆಗೆ ನಾಲ್ಕು ಮಾತಿಗೆ ಬಂದು ನಿಂತರು: ವ್ಯಕ್ತಿ, ಸುತ್ತಮುತ್ತ, ಆರೋಗ್ಯ, ಆರೈಕೆ.

"ಸೂಜಿ ಚುಚ್ಚೋಕೆ ಇದೆಲ್ಲ ಯಾಕೆ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಕೇಳಿದವಳು ಹತ್ತೊಂಬತ್ತರ ಒಂದು ಹುಡುಗಿ, ಕೂತಲ್ಲಿ ಕೂರದ ಜೀವ. ಮಲಗಿದ್ದವರೆಲ್ಲ ನಗಲಿಕ್ಕೆ ಎದ್ದರು. ಮೇಡಂಗೆ ಕೋಪ ಬರಲಿಲ್ಲ. ಪಾಠ ಅಲ್ಲಿಗೇ ಬಿಟ್ಟು ಅವಳನ್ನು ವಾರ್ಡಿಗೆ ಕರೆದುಕೊಂಡು ಹೋದರು.

ಅಲ್ಲಿ ಒಬ್ಬ ಗಾರೆ ಕೆಲಸದ ಮುದುಕ. ತೊಡೆ ಮುರಿದಿತ್ತು. ಎರಡು ದಿನದಿಂದ ಮೂರು ಪಾಳಿಯವರೂ ಅವನ ಹೆಸರಿನ ಮುಂದೆ 'ಹಸಿವಿಲ್ಲ ಎನ್ನುತ್ತಾರೆ' ಎಂದು ಬರೆದುಕೊಂಡು ಹೋಗಿದ್ದರು. ಮೇಡಂ ಒಂದು ಹಾಳೆ ತೆಗೆದು ಅಡ್ಡಗೆರೆ ಉದ್ದಗೆರೆ ಎಳೆದು ನಾಲ್ಕು ಮನೆ ಮಾಡಿದರು. ಪ್ರತಿ ಮನೆಗೂ ಆ ನಾಲ್ಕು ಮಾತಿನಲ್ಲಿ ಒಂದೊಂದು ತಲೆಬರಹ. ಕೆಳಗೆ 'ಕೂತು ಕೇಳಿದವರು' ಎಂದು ಬರೆದು, ಅದರ ಮುಂದೆ 'ಬುಗುರಿ' ಎಂದು ಹಾಕಿದರು. ಆ ಹೆಸರು ಹುಟ್ಟಿದ್ದು ಅವತ್ತು.

"ಹೆಸ್ರು ಮೊದ್ಲೇ ಹಾಕಿದ್ದೀನಿ. ಇನ್ನು ನೀನು ಕೂರ್ಲೇಬೇಕು. ಕೂರ್ಲಿಲ್ಲ ಅಂದ್ರೆ ಸುಳ್ಳು ಬರ್ದವಳು ನಾನಾಗ್ತೀನಿ" ಎಂದು ಮಂಚದ ಕೆಳಗಿನಿಂದ ಒಂದು ಮುಕ್ಕಾಲಿ ಎಳೆದು ಕೊಟ್ಟರು. ಅವರ ವಾರ್ಡಿನಲ್ಲಿ ಮಂಚಕ್ಕೊಂದು ಮುಕ್ಕಾಲಿ ಇತ್ತು. ಕೂರದೆ ಯಾರೂ ಏನೂ ಬರೆಯುವ ಹಾಗಿರಲಿಲ್ಲ.

ಬುಗುರಿ ಕೂತಳು. ಮೊದಲು ಅವಳೂ 'ಹಸಿವಿಲ್ಲ' ಎಂದೇ ಬರೆದಳು. ಇನ್ನೂ ಸ್ವಲ್ಪ ಹೊತ್ತು ಕೂತ ಮೇಲೆ ಮುದುಕ ಆಚೆ ಈಚೆ ನೋಡಿ, ತನ್ನ ಕಟ್ಟಿಸಿದ ಹಲ್ಲು ಅಂಗಿಯ ಜೇಬಿನಲ್ಲೇ ಉಳಿದು ಅಂಗಿಯ ಜೊತೆ ಮನೆಗೆ ಹೋಯಿತೆಂದು ಪಿಸುಗುಟ್ಟಿದ. ಹೇಳಿಕೊಳ್ಳಲು ನಾಚಿಕೆಯಾಗಿತ್ತಂತೆ. ಬುಗುರಿ ತಾನು ಬರೆದದ್ದನ್ನು ಗೀಚಿ ಗೀಚಿ ಕಪ್ಪು ಮಾಡಿದಳು. ಮೇಡಂ ಆ ಹಾಳೆ ಕಸಿದುಕೊಂಡು ಬೇರೆ ಕೊಟ್ಟರು.

"ಹಾಗೆ ಗೀಚ್ಬಾರ್ದು. ಒಂದೇ ಗೆರೆ. ಕೆಳಗಿರೋ ತಪ್ಪು ಓದೋ ಹಾಗಿರ್ಬೇಕು. ಪಕ್ಕದಲ್ಲಿ ನಿನ್ನ ಗುರುತು, ಗಂಟೆ. ತಪ್ಪು ಮುಚ್ಚಿಟ್ರೆ ಮುಂದಿನ ಪಾಳಿಯವ್ಳು ಅದನ್ನೇ ಮತ್ತೆ ಮಾಡ್ತಾಳೆ."

"ಸಿದ್ಧಾಂತ ಅಂದ್ರೆ ಇಷ್ಟೇನಾ ಮೇಡಂ?"

"ಇಷ್ಟೇ. ಇಷ್ಟು ಹೊಳೆಯೋಕೆ ನೂರು ವರ್ಷಕ್ಕಿಂತ ಜಾಸ್ತಿ ಹಿಡೀತು ನೋಡು."

*

ತರಗತಿಯಲ್ಲಿ ಪ್ರಾಂಶುಪಾಲರು ಮಾತಾಡಲು ನಿಂತರು. ಒಳ್ಳೆಯವರೇ, ಆದರೆ ಮೈಕು ಸಿಕ್ಕರೆ ಬಿಡುವವರಲ್ಲ. ಸಿದ್ಧಾಂತವನ್ನು ಬದುಕಿನ ಉಸಿರು ಮಾಡಿಕೊಂಡವರು, ಅವರ ನಾಲ್ಕು ಮನೆಯ ಹಾಳೆ ಈ ಆಸ್ಪತ್ರೆಯ ಅಡಿಪಾಯ ಎಂದೆಲ್ಲ ಹೇಳಿದರು. ಹಿಂದಿನ ಸಾಲಿನ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹಾಳೆ ನಿಂತು ವರ್ಷವಾಗಿತ್ತು. ಕೈಗೊಂದು ಟ್ಯಾಬ್ ಬಂದಿತ್ತು, ಅದರಲ್ಲಿ ನಡೆಯುತ್ತಾ ನಡೆಯುತ್ತಾ ಬೆರಳಿನಿಂದ ಗುರುತು ಹಾಕಿದರೆ ಮುಗಿಯಿತು. ಮುಕ್ಕಾಲಿಗಳು ಗಾಡಿಗಳಿಗೆ ಅಡ್ಡ ಎಂದು ಉಗ್ರಾಣ ಸೇರಿದ್ದವು. ಮೇಲಿನವರಿಗೆ ಹಾಗೆ ಬರೆದುಕೊಟ್ಟವಳು ಬುಗುರಿಯೇ. ಆಗಲೇ ನಿವೃತ್ತರಾಗಿದ್ದ ಮೇಡಂ ಸುದ್ದಿ ಕೇಳಿ ನಕ್ಕಿದ್ದರು. ಮುಕ್ಕಾಲಿ ಹೋದರೆ ಹೋಗಲಿ, ಕೂರುವ ಅಭ್ಯಾಸ ಉಳಿಸಿಕೋ ಎಂದಿದ್ದರು.

ಇವತ್ತು ಯಾರೋ ನೆನಪಿಟ್ಟುಕೊಂಡು ಉಗ್ರಾಣದಿಂದ ಒಂದು ಮುಕ್ಕಾಲಿ ತಂದು, ಒರೆಸಿ, ಮೇಡಂ ಅವರ ತಲೆಯ ಬಳಿ ಇಟ್ಟು ಅದರ ಮೇಲೆ ಹೂವಿನ ಬುಟ್ಟಿ ಇಟ್ಟಿದ್ದರು.

ಮೇಡಂ ಅವರ ಮಗಳು ಬುಗುರಿಯ ಕೈ ಹಿಡಿದು ತನ್ನ ಕುರ್ಚಿಯ ಬಳಿಗೆ ಎಳೆದುಕೊಂಡಳು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸದವಳು, ಚಿಕ್ಕಂದಿನಿಂದ ಬುಗುರಿಯನ್ನು ಅಕ್ಕ ಎಂದೇ ಕರೆದು ಬೆಳೆದವಳು. ಆಸ್ಪತ್ರೆಯ ಆ ಕೊನೆಯ ಬೆಳಗ್ಗೆ ಅಮ್ಮನೇ ಗದರಿಸಿ ಅವಳನ್ನು ಡಿಪೋಗೆ ಕಳಿಸಿದ್ದರು.

"ಅಕ್ಕ, ಇದು ನೋಡು. ಅಮ್ಮನ ಕನ್ನಡಕದ ಡಬ್ಬೀಲಿತ್ತು."

ಆಸ್ಪತ್ರೆಯ ಊಟದ ಚೀಟಿ. ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ನಾಲ್ಕು ಮನೆ. ಒಳಗೆಲ್ಲ ವಾರ್ಡಿನವರ ಗುರುತು, ಅರ್ಧರ್ಧ ಅಕ್ಷರ, ನಡುಗಿದ ಕೈ. ಹೊರಗಿನವರಿಗೆ ಅರ್ಥವಾಗುವಂಥದ್ದಲ್ಲ.

"ಅಮ್ಮನ ಈ ಬರಹ ನಂಗೆ ಯಾವತ್ತೂ ಓದೋಕೆ ಬಂದಿಲ್ಲ. ಕೆಳಗಿನ ಸಾಲು ಮಾತ್ರ ಗೊತ್ತಾಯ್ತು" ಎಂದು ಮಗಳು ಬೆರಳಿಟ್ಟು ತೋರಿಸಿದಳು. ಕೂತು ಕೇಳಿದವರು: ನಮ್ಮ ಬುಗುರಿ. "ಅಮ್ಮ ಒಬ್ರೇ ಇದ್ರಲ್ಲ ಅಂತ ಎರಡು ದಿನ ನಂಗೆ ತಡೀಲಿಕ್ಕಾಗ್ಲಿಲ್ಲ ಅಕ್ಕ. ಇದನ್ನ ನೋಡಿದ್ಮೇಲೆ ಜೀವ ಬಂತು. ನೀನು ಹತ್ರ ಕೂತಿದ್ದೆ."

ಎಲ್ಲರ ಮುಂದೆ ಅದನ್ನು ಓದಬೇಕು, ಅಮ್ಮನ ಕೊನೆಯ ಬರಹ ಅಮ್ಮನ ತರಗತಿಯಲ್ಲೇ ಕೇಳಿಸಬೇಕು ಎಂದು ಅವಳು ಕೇಳಿಕೊಂಡಳು. ಪ್ರಾಂಶುಪಾಲರೂ ಮೈಕಿನ ಬಳಿಯಿಂದಲೇ ತಲೆಯಾಡಿಸಿ ಜಾಗ ಬಿಟ್ಟರು.

ಬುಗುರಿ ಚೀಟಿಯ ಮೇಲೆ ಕಣ್ಣಾಡಿಸಿದಳು. ಅವಳ ಕಿವಿಯಲ್ಲಿ ಸಭೆಯ ಸದ್ದು ನಿಂತುಹೋಯಿತು.

*

ಆ ಬೆಳಗ್ಗೆ ಇಬ್ಬರು ನರ್ಸುಗಳು ರಜೆ. ರಸ್ತೆ ಅಪಘಾತದ ನಾಲ್ವರು ಒಟ್ಟಿಗೇ ಬಂದಿದ್ದರು. ಹತ್ತೂವರೆಗೆ ಬುಗುರಿ ಮೇಡಂ ಇದ್ದ ಕೊನೆಯ ಕೋಣೆಯ ಬಾಗಿಲು ದಾಟಿ ಓಡುವಾಗ ಅವರು ಕೈಯೆತ್ತಿ ಕರೆದರು.

"ಒಂದ್ನಿಮಿಷ ಬಾ. ಕೂತ್ಕೋ."

"ಐದೇ ನಿಮಿಷ ಮೇಡಂ, ಬಂದ್ಬಿಟ್ಟೆ."

ಮೇಡಂ ಆಗಲಿ ಎಂದು ತಲೆಯಾಡಿಸಿ ಪೆನ್ಸಿಲು ಹುಡುಕತೊಡಗಿದ್ದನ್ನು ಅವಳು ಕಂಡಿದ್ದಳು. ಹತ್ತೂ ಮುಕ್ಕಾಲಿಗೆ ಮತ್ತೆ ಬಂದಾಗ ಅವರ ಕಣ್ಣು ಮುಚ್ಚಿತ್ತು, ಕನ್ನಡಕ ಡಬ್ಬಿ ಸೇರಿತ್ತು. ಪಕ್ಕದ ಮಂಚ ಖಾಲಿ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬುಗುರಿ ಒಂದು ಕೈ ಬಾಗಿಲಿಗೆ ಆನಿಸಿ ನಿಂತು, ಇನ್ನೊಂದರಲ್ಲಿ ಟ್ಯಾಬ್ ಹಿಡಿದು, ಹೆಬ್ಬೆರಳಿನಿಂದ ಗುರುತು ಹಾಕಿದಳು. ನಿದ್ದೆ. ತೊಂದರೆ ಇಲ್ಲ.

ಎದೆ ಏರಿಳಿಯುತ್ತಿತ್ತೋ ಇಲ್ಲವೋ, ಅವಳು ನೋಡಿರಲಿಲ್ಲ.

*

ಕೆಳಗಿನ ಸಾಲನ್ನಷ್ಟೇ ಓದಿದರೆ ಸಾಕಿತ್ತು. ಮೇಲಿನದು ಅಳಿಸಿಹೋಗಿದೆ ಎಂದುಬಿಟ್ಟರೆ ಕಿತ್ತುಕೊಂಡು ನೋಡುವವರು ಯಾರೂ ಇರಲಿಲ್ಲ. ಮಗಳು ಇವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ದಾಖಲೆಗೂ ಚೀಟಿಗೂ ತಾಳೆಯಾಗುತ್ತದೆ. ಮೇಡಂ ತಮ್ಮ ಕೈಯಾರೆ ಬುಗುರಿಯನ್ನು ಕಾಪಾಡಿಟ್ಟು ಹೋಗಿದ್ದರು. ಹಾಗೆ ಅನ್ನಿಸಿದ ಮರುಗಳಿಗೆಯೇ ಅವಳು ಮೇಡಂ ಕಡೆ ತಿರುಗಿದಳು. ಕೂರಲಿಲ್ಲ ಅಂದರೆ ಸುಳ್ಳು ಬರೆದವಳು ನಾನಾಗುತ್ತೇನೆ ಎಂದವರು, ಬಿಳಿಯ ಹೊದಿಕೆಯ ಕೆಳಗೆ ಬಾಯಿ ಮುಚ್ಚಿ ಮಲಗಿದ್ದರು.

ಅವಳು ಮೈಕಿನ ಕಡೆ ಹೋಗಲಿಲ್ಲ. ಹೂವಿನ ಬುಟ್ಟಿ ಎತ್ತಿ ನೆಲಕ್ಕಿಟ್ಟಳು. ಮುಕ್ಕಾಲಿಯನ್ನು ಮಗಳ ಕುರ್ಚಿಯ ಪಕ್ಕಕ್ಕೆ ತಂದು ಕೂತಳು. ಓದಿದಳು.

"ವ್ಯಕ್ತಿ. ಹೆಂಗಸು, ಎಪ್ಪತ್ತೊಂದು, ಹಟಮಾರಿ. ಪ್ಲಾಸ್ಟರ್ ಹಾಕಿದ ಕಾಲಿನ ಮೀನಖಂಡ ಬೆಳಗ್ಗೆಯಿಂದ ಹಿಡಿದುಕೊಂಡಿದೆ ಎನ್ನುತ್ತಾಳೆ. ಈಗ ಮೇಲುಸಿರು ಬರುತ್ತಿದೆ ಎನ್ನುತ್ತಾಳೆ."

ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೊರಟಿತ್ತೆಂದು ತಿಳಿಯಲು ನರ್ಸುಗಳಿಗೆ ಅಷ್ಟೇ ಸಾಕಾಗಿತ್ತು.

"ಸುತ್ತಮುತ್ತ. ಕಿಟಕಿ ಮುಚ್ಚಿದೆ. ಕರೆಗಂಟೆಯ ವೈರು ಗೋಡೆಯ ಮೊಳೆಗೆ ಸುತ್ತಿಟ್ಟಿದೆ, ಕೈಗೆ ಎಟುಕದು. ಮುಕ್ಕಾಲಿ ಇಲ್ಲ. ಆರೋಗ್ಯ. ನಾಡಿ ನೂರ ಹದಿನೆಂಟು, ತಾನೇ ಎಣಿಸಿದ್ದು. ಗಂಟೆ ಹತ್ತೂ ಮೂವತ್ತೆಂಟು." ಬುಗುರಿ ಬೆರಳನ್ನು ಕೊನೆಯ ಮನೆಗೆ ಸರಿಸಿದಳು. "ಆರೈಕೆ. ಇಲ್ಲಿ ಏನೂ ಬರ್ದಿಲ್ಲ. ಖಾಲಿ ಬಿಟ್ಟಿದ್ದಾರೆ."

ನಾಲ್ಕನೇ ಮನೆ ತುಂಬಬೇಕಾದವಳು ಕೂತು ಕೇಳುವವಳು ಎಂಬುದು ಆ ತರಗತಿಯಲ್ಲಿ ಕಲಿತವರಿಗೆಲ್ಲ ಗೊತ್ತಿತ್ತು. ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ಮಾತ್ರ ಬುಗುರಿಯ ತೋಳು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು.

"ನೀನು ಕೂತಿದ್ಯಲ್ಲ ಅಕ್ಕ. ನಿಂಗೆ ಹೇಳಿರ್ತಾರಲ್ಲ ಇದನ್ನ?"

"ಇಲ್ಲ ಪುಟ್ಟಿ. ಐದು ನಿಮಿಷ ಅಂದೆ. ಬರ್ತೀನಿ ಅಂತ ನಂಬ್ಕೊಂಡು ನನ್ನ ಹೆಸ್ರು ಬರ್ದಿಟ್ರು. ನಾನು ಬಾಗಿಲಿಂದ್ಲೇ ನೋಡ್ದೆ. ಕಣ್ಣು ಮುಚ್ಚಿತ್ತು, ನಿದ್ದೆ ಅಂತ ಗುರುತು ಹಾಕ್ದೆ. ಒಳಗೆ ಬರ್ಲೇ ಇಲ್ಲ."

ಮಗಳ ಹಿಡಿತ ನಿಧಾನಕ್ಕೆ ಸಡಿಲವಾಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಬಾಗಿಲಲ್ಲಿ ವಾಹನದ ಚಾಲಕ ಬಂದು ನಿಂತು, ಒಳಗಿದ್ದವರನ್ನು ನೋಡಿ ಹಿಂದೆ ಸರಿದ.

ಬುಗುರಿ ಚೀಟಿಯನ್ನು ಮಂಡಿಯ ಮೇಲಿಟ್ಟುಕೊಂಡಳು. ಜೇಬಿನಿಂದ ಪೆನ್ಸಿಲು ತೆಗೆದು ಕೊನೆಯ ಸಾಲಿನ ಹೆಸರಿನ ಮೇಲೆ ಒಂದೇ ಗೆರೆ ಎಳೆದಳು. ಪಕ್ಕದಲ್ಲಿ ತನ್ನ ಗುರುತು ಹಾಕಿದಳು. ಗೋಡೆ ಗಡಿಯಾರ ನೋಡಿ ಗಂಟೆ ಬರೆದಳು, ಹನ್ನೊಂದೂ ಇಪ್ಪತ್ತು. ಚೀಟಿಯನ್ನು ಮಗಳ ಮಡಿಲಲ್ಲಿಟ್ಟು, ಮುಕ್ಕಾಲಿ ಬಿಟ್ಟು ಏಳದೆ ಹಾಗೇ ಕೂತಳು.

ಗೆರೆಯ ಕೆಳಗೆ 'ನಮ್ಮ ಬುಗುರಿ' ಎಂಬುದು ಚೆನ್ನಾಗಿ ಓದುವ ಹಾಗೇ ಇತ್ತು.